ಹಾಲಿನಿಂದ ಅನ್ನದ ಕಡೆಗೆ

(ಮೊದಲು ಓದಿಕೊಳ್ಳಬೇಕಾದ ಭಾಗಗಳು: 1 ಕೊರಿಂಥ 3:1-9, 11:17-34, 13:1-13)



ಮಗು ಬೆಳೆಯುತ್ತಿದೆಯೇ ಇಲ್ಲವೇ ಎಂಬುದನ್ನು ತಿಳಿಯಲು ತಾಯಿಗೆ ಹಲವು ದಾರಿಗಳಿವೆ. ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ತೂಕ ಹಾಕಿಸುತ್ತಾಳೆ. ಕಳೆದ ಹಬ್ಬಕ್ಕೆ ಹೊಲಿಸಿದ ಅಂಗಿ ಈ ಹಬ್ಬಕ್ಕೆ ಬಿಗಿಯಾದರೆ ಖರ್ಚಾಯಿತೆಂದು ಗೊಣಗಿದರೂ ಒಳಗೊಳಗೇ ಹಿಗ್ಗುತ್ತಾಳೆ. ದೇಹದ ಬೆಳವಣಿಗೆಗೆ ಹೀಗೆ ಅಳತೆಗಳಿವೆ. ಆದರೆ ನಮ್ಮ ಆತ್ಮ ಬೆಳೆಯುತ್ತಿದೆಯೇ ಎಂಬುದನ್ನು ಯಾವ ಕೋಲಿನಿಂದ ಅಳೆಯಬೇಕು?

ಸಾಮಾನ್ಯವಾಗಿ ನಾವು ಎಣಿಕೆಗೆ ತೊಡಗುತ್ತೇವೆ. ವಾರಕ್ಕೆ ಎಷ್ಟು ಬಲಿಪೂಜೆ, ದಿನಕ್ಕೆ ಎಷ್ಟು ಜಪಮಾಲೆ, ವರ್ಷಕ್ಕೆ ಎಷ್ಟು ಧ್ಯಾನಕೂಟ, ಎಷ್ಟು ನವೇನ, ಎಷ್ಟು ಯಾತ್ರೆ? ಇವೆಲ್ಲವೂ ಬೇಕಾದವೇ, ಇವುಗಳನ್ನು ಹಗುರವಾಗಿ ಕಾಣುವುದು ಸಲ್ಲದು. ಆದರೆ ಇವು ಊಟ, ಬೆಳವಣಿಗೆಯಲ್ಲ. ಎಷ್ಟು ಹೊತ್ತು ಊಟ ಬಡಿಸಿದೆವು ಎಂದು ಲೆಕ್ಕ ಹಾಕಿ ಮಗು ಬೆಳೆದಿದೆ ಎನ್ನಲಾಗದು. ಉಂಡದ್ದು ಮೈಗೆ ಹತ್ತಿದೆಯೇ ಎಂದು ನೋಡಬೇಕು.

ಉಂಡದ್ದು ಮೈಗೆ ಹತ್ತದ ಒಂದು ಧರ್ಮಕೇಂದ್ರದ ಕಥೆ ಪವಿತ್ರ ಗ್ರಂಥದಲ್ಲಿದೆ. ಅದು ಕೊರಿಂಥ ಪಟ್ಟಣದ ಕ್ರೈಸ್ತ ಸಮುದಾಯ. ಅವರಿಗೆ ಸಂತ ಪೌಲರು ಬರೆದ ಪತ್ರವನ್ನು ಮನೆಮಂದಿಯೆಲ್ಲ ಕುಳಿತು ಓದಿದರೆ ನಮ್ಮ ಬೆಳವಣಿಗೆಯ ಅಳತೆಗೋಲು ಅಲ್ಲೇ ದೊರೆಯುತ್ತದೆ.

ಎರಡು ಬಂದರುಗಳ ಊರು

ಕೊರಿಂಥ ಗ್ರೀಸ್ ದೇಶದ ಒಂದು ಕಿರಿದಾದ ಭೂಪಟ್ಟಿಯ ಮೇಲಿತ್ತು. ಪಶ್ಚಿಮಕ್ಕೆ ಲೆಖಾಯೋನ್, ಪೂರ್ವಕ್ಕೆ ಕೆಂಖ್ರೆಯ ಎಂಬ ಎರಡು ಬಂದರುಗಳು. ಕ್ರಿ.ಪೂ. 146ರಲ್ಲಿ ರೋಮನ್ನರು ಆ ಊರನ್ನು ನಾಶಮಾಡಿದ್ದರು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನು ಅದನ್ನು ಮತ್ತೆ ಕಟ್ಟಿಸಲು ಏರ್ಪಾಡು ಮಾಡಿದನು. ಹಡಗುಗಳ ಸರಕು, ಹಲವು ದೇಶಗಳ ಜನ, ಹೊಸದಾಗಿ ಹಣ ಕಂಡ ವರ್ತಕರು, ಕೂಲಿಯವರು, ಗುಲಾಮರು, ಎಲ್ಲರೂ ಸೇರಿದ ಊರು ಅದು.

ಸಂತ ಪೌಲರು ಸುಮಾರು ಕ್ರಿ.ಶ. 50ರಲ್ಲಿ ಅಲ್ಲಿಗೆ ಬಂದರು. ರೋಮಿನಿಂದ ಹೊರಹಾಕಲ್ಪಟ್ಟಿದ್ದ ಆಕ್ವಿಲ ಮತ್ತು ಪ್ರಿಸ್ಕಿಲ್ಲ ಎಂಬ ದಂಪತಿಗಳ ಮನೆಯಲ್ಲಿ ಉಳಿದು, ಅವರೊಂದಿಗೆ ಗುಡಾರ ಮಾಡುವ ಕಸುಬು ನಡೆಸಿಕೊಂಡು ಶುಭಸಂದೇಶ ಸಾರಿದರು. ಹೀಗೆ ಒಂದೂವರೆ ವರ್ಷ ಅಲ್ಲಿದ್ದರೆಂದು ಪ್ರೇಷಿತರ ಕಾರ್ಯಕಲಾಪಗಳು ಹೇಳುತ್ತದೆ (18:1-11). ಬಳಿಕ ಅಪೊಲ್ಲೋಸ್ ಎಂಬ ವಾಕ್ಚತುರ ಬೋಧಕರು ಬಂದು ಅವರ ಕೆಲಸವನ್ನು ಮುಂದುವರಿಸಿದರು.

ಕೆಲವು ವರ್ಷಗಳ ನಂತರ ಪೌಲರು ಎಫೆಸದಲ್ಲಿದ್ದಾಗ, ಖ್ಲೋಯೆ ಎಂಬಾಕೆಯ ಮನೆಯವರಿಂದ ಒಂದು ಸುದ್ದಿ ಬಂತು. ಕೊರಿಂಥದ ವಿಶ್ವಾಸಿಗಳು ಪಂಗಡಗಳಾಗಿ ಒಡೆದುಹೋಗಿದ್ದರು. ತಾನು ಪೌಲನ ಕಡೆಯವನು ಎಂದು ಒಬ್ಬ, ಅಪೊಲ್ಲೋಸನ ಕಡೆಯವನು ಎಂದು ಇನ್ನೊಬ್ಬ, ಕೇಫನ ಕಡೆಯವನು ಎಂದು ಮತ್ತೊಬ್ಬ ಹೇಳಿಕೊಳ್ಳುತ್ತಿದ್ದ (1 ಕೊರಿಂಥ 1:11-12). ಆ ಸುದ್ದಿಗೆ ಪೌಲರು ಕೊಟ್ಟ ಉತ್ತರವೇ ಈ ಪತ್ರ.

ಎಲ್ಲ ವರಗಳಿದ್ದ ಕೂಸುಗಳು

ಪತ್ರದ ಆರಂಭದಲ್ಲಿ ಪೌಲರು ಅವರನ್ನು ಹೊಗಳುತ್ತಾರೆ. ಮಾತಿನಲ್ಲೂ ಜ್ಞಾನದಲ್ಲೂ ಅವರು ಸಂಪನ್ನರು. ಆತ್ಮದ ಯಾವ ವರದಲ್ಲೂ ಅವರಿಗೆ ಕೊರತೆಯಿಲ್ಲ (1:5-7). ಅವರಲ್ಲಿ ಪ್ರವಾದನೆ ನುಡಿಯುವವರಿದ್ದರು, ರೋಗ ಗುಣಪಡಿಸುವವರಿದ್ದರು, ನಾನಾ ಭಾಷೆಗಳಲ್ಲಿ ಪ್ರಾರ್ಥಿಸುವವರಿದ್ದರು. ಇಂಥ ಸಮುದಾಯವನ್ನು ಕಂಡರೆ ನಾವು ಎಷ್ಟು ಬೆಳೆದ ಧರ್ಮಕೇಂದ್ರವೆಂದು ಬೆರಗಾಗುತ್ತಿದ್ದೆವು.

ಆದರೆ ಮೂರನೆಯ ಅಧ್ಯಾಯಕ್ಕೆ ಬಂದಾಗ ಪೌಲರು ಅವರನ್ನು ಹಾಲು ಕುಡಿಯುವ ಕೂಸುಗಳು ಎಂದು ಕರೆಯುತ್ತಾರೆ. ಗಟ್ಟಿಯಾದ ಆಹಾರವನ್ನು ಅರಗಿಸಿಕೊಳ್ಳುವ ಶಕ್ತಿ ಅವರಿಗೆ ಅಂದೂ ಇರಲಿಲ್ಲ, ಇಂದೂ ಇಲ್ಲ ಎನ್ನುತ್ತಾರೆ. ಕಾರಣ ಏನು? ಪ್ರಾರ್ಥನೆ ಸಾಲದು ಎಂದಲ್ಲ, ಬೋಧನೆ ತಿಳಿಯದು ಎಂದೂ ಅಲ್ಲ. ಅವರ ನಡುವೆ ಅಸೂಯೆ ಮತ್ತು ಜಗಳ ಇವೆ, ಅಷ್ಟೇ (3:3).

ಪೌಲರ ಅಳತೆಗೋಲು ಇದು. ಒಬ್ಬ ಕ್ರೈಸ್ತನು ದೊಡ್ಡವನಾಗಿದ್ದಾನೆಯೇ ಎಂದು ತಿಳಿಯಲು ಅವರು ಅವನ ಪ್ರಾರ್ಥನೆಯ ಕೋಣೆಗೆ ಹೋಗುವುದಿಲ್ಲ. ಅವನ ಅಣ್ಣತಮ್ಮಂದಿರನ್ನು ಕೇಳುತ್ತಾರೆ, ನೆರೆಮನೆಯವರನ್ನು ಕೇಳುತ್ತಾರೆ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ನಮ್ಮ ಗಾದೆ ಊಟವನ್ನೂ ಜಗಳವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಪೌಲರೂ ಹಾಗೆಯೇ ಹೇಳಿದರು: ಜಗಳ ಇನ್ನೂ ಇದೆಯೆಂದರೆ ನೀವು ಇನ್ನೂ ಹಾಲಿನಲ್ಲೇ ಇದ್ದೀರಿ.

ಹಾಲು ಕೆಟ್ಟದ್ದೇನಲ್ಲ. ಕೂಸಿಗೆ ಅದೇ ಅಮೃತ. ಆದರೆ ತಿಂಗಳುಗಳು ಕಳೆದಂತೆ ರಾಗಿ ಸರಿ, ಆಮೇಲೆ ಮೆತ್ತಗೆ ಕಲಸಿದ ಅನ್ನ, ಆಮೇಲೆ ಮನೆಮಂದಿ ಉಣ್ಣುವ ಊಟ. ಐದು ವರ್ಷದ ಮಗು ಹಾಲು ಬಿಟ್ಟು ಬೇರೇನನ್ನೂ ತಿನ್ನದಿದ್ದರೆ ಯಾವ ತಾಯಿಯಾದರೂ ಗಾಬರಿಪಡುತ್ತಾಳೆ. ಐವತ್ತು ವರ್ಷದ ಕ್ರೈಸ್ತನು ಹಾಗೆಯೇ ಇದ್ದರೆ ನಮಗೆ ಗಾಬರಿಯಾಗುವುದಿಲ್ಲ, ಏಕೆ?

ಪರಮಪ್ರಸಾದದ ಮುಂದೆ ಹಸಿದವರು

ಕೊರಿಂಥದ ಜಗಳ ಬರೀ ಮಾತಿನದ್ದಾಗಿರಲಿಲ್ಲ. ಅದು ಊಟದ ಮನೆಗೂ ಬಂದಿತ್ತು.

ಆ ಕಾಲದಲ್ಲಿ ಇಂದಿನಂಥ ದೇವಾಲಯಗಳಿರಲಿಲ್ಲ. ವಿಶ್ವಾಸಿಗಳು ಸ್ಥಿತಿವಂತರೊಬ್ಬರ ಮನೆಯಲ್ಲಿ ಕೂಡಿ ಊಟ ಮಾಡುತ್ತಿದ್ದರು. ಅದರೊಂದಿಗೆ ಪ್ರಭುವಿನ ಭೋಜನವನ್ನು ಆಚರಿಸುತ್ತಿದ್ದರು. ಆದರೆ ಕೆಲವರು ತಮ್ಮ ಬುತ್ತಿಯನ್ನು ತಾವೇ ಮುಂಚಿತವಾಗಿ ಉಂಡುಬಿಡುತ್ತಿದ್ದರು. ಪರಿಣಾಮವಾಗಿ ಒಬ್ಬನು ಹಸಿದಿದ್ದ, ಇನ್ನೊಬ್ಬನು ಕುಡಿದು ಮತ್ತನಾಗಿದ್ದ (11:21). ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಎಂದು ಪೌಲರು ಅವರನ್ನು ಗದರಿಸುತ್ತಾರೆ.

ಅದೇ ಗದರಿಕೆಯ ನಡುವೆ, ಯೇಸುಸ್ವಾಮಿ ತಮ್ಮನ್ನು ಹಿಡಿದುಕೊಟ್ಟ ರಾತ್ರಿಯಲ್ಲಿ ರೊಟ್ಟಿಯನ್ನು ತೆಗೆದುಕೊಂಡು ಏನು ಮಾಡಿದರು, ಏನು ಹೇಳಿದರು ಎಂಬುದನ್ನು ಪೌಲರು ಬರೆಯುತ್ತಾರೆ (11:23-26). ವಿದ್ವಾಂಸರ ಪ್ರಕಾರ ಕಡೆಯ ಭೋಜನದ ಬಗ್ಗೆ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಬರಹ ಇದೇ; ನಾಲ್ಕು ಶುಭಸಂದೇಶಗಳು ಬರಹಕ್ಕೆ ಇಳಿಯುವ ಮುನ್ನವೇ ಇದು ಬರೆಯಲ್ಪಟ್ಟಿತು. ಸ್ವಲ್ಪ ಯೋಚಿಸಿ. ಪ್ರತಿ ಬಲಿಪೂಜೆಯಲ್ಲೂ ನಾವು ಮೊಣಕಾಲೂರಿ ಕೇಳುವ ಆ ಪವಿತ್ರ ಘಟನೆಯನ್ನು ಪೌಲರು ಮೊದಲು ಬರೆದಿಟ್ಟದ್ದು ದೇವಶಾಸ್ತ್ರದ ಪಾಠಕ್ಕಾಗಿ ಅಲ್ಲ. ಒಂದೇ ಮನೆಯಲ್ಲಿ ಒಬ್ಬ ಉಂಡು ಒಬ್ಬ ಹಸಿದಿದ್ದನ್ನು ತಿದ್ದಲಿಕ್ಕಾಗಿ.

ಪೌಲರು ಹೇಳುವ ಪರಿಹಾರವೂ ಬಹಳ ಸರಳ. ಊಟಕ್ಕೆ ಕೂಡಿದಾಗ ಒಬ್ಬರಿಗಾಗಿ ಒಬ್ಬರು ಕಾಯಿರಿ ಎನ್ನುತ್ತಾರೆ (11:33). ಗಟ್ಟಿಯಾದ ಆಹಾರ ಎಂದರೆ ಗೂಢವಾದ ತತ್ವ ಎಂದು ನಾವು ತಿಳಿಯುತ್ತೇವೆ. ತಡವಾಗಿ ಬರುವ ಕೂಲಿಯವನಿಗಾಗಿ ಕಾಯುವುದೇ ಅಲ್ಲಿ ಗಟ್ಟಿಯಾದ ಆಹಾರವಾಗಿತ್ತು.

ಮದುವೆಯ ಪಾಠವಲ್ಲ, ಜಗಳದ ಮದ್ದು

ಹದಿಮೂರನೆಯ ಅಧ್ಯಾಯ ನಮಗೆಲ್ಲ ಪರಿಚಿತ. ಮದುವೆಯ ಪೂಜೆಗಳಲ್ಲಿ ಅದನ್ನು ಓದುತ್ತಾರೆ. ಮದುವೆಯ ಕಾಗದದಲ್ಲಿ ಅಚ್ಚು ಹಾಕಿಸುವವರೂ ಇದ್ದಾರೆ. ಆದರೆ ಪೌಲರು ಅದನ್ನು ಬರೆದದ್ದು ವಧೂವರರಿಗಲ್ಲ, ಜಗಳವಾಡುತ್ತಿದ್ದ ಒಂದು ಧರ್ಮಕೇಂದ್ರಕ್ಕೆ.

ಅಲ್ಲಿರುವ ಒಂದೊಂದು ಮಾತನ್ನೂ ಪತ್ರದ ಹಿಂದಿನ ಪುಟಗಳೊಂದಿಗೆ ಹೋಲಿಸಿ ನೋಡಿ. ಪ್ರೀತಿ ಅಸೂಯೆಪಡುವುದಿಲ್ಲ ಎನ್ನುತ್ತಾರೆ. ಮೂರನೆಯ ಅಧ್ಯಾಯದಲ್ಲಿ ಅವರ ಅಸೂಯೆಯನ್ನೇ ಹೆಸರಿಸಿದ್ದರು. ಪ್ರೀತಿ ಉಬ್ಬಿಕೊಳ್ಳುವುದಿಲ್ಲ ಎನ್ನುತ್ತಾರೆ. ಉಬ್ಬಿಕೊಳ್ಳುವುದು ಎಂಬ ಅರ್ಥದ ಆ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಏಳು ಬಾರಿ ಬರುತ್ತದೆ, ಅದರಲ್ಲಿ ಆರು ಬಾರಿ ಈ ಒಂದೇ ಪತ್ರದಲ್ಲಿ! ಜ್ಞಾನ ಉಬ್ಬಿಸುತ್ತದೆ, ಪ್ರೀತಿ ಕಟ್ಟುತ್ತದೆ ಎಂಬ ಅರ್ಥದ ಮಾತು ಎಂಟನೆಯ ಅಧ್ಯಾಯದಲ್ಲಿದೆ. ಪ್ರೀತಿ ಸ್ವಾರ್ಥವನ್ನು ಹುಡುಕುವುದಿಲ್ಲ ಎನ್ನುತ್ತಾರೆ. ಊಟದ ಮನೆಯಲ್ಲಿ ಕೆಲವರು ಮಾಡಿದ್ದು ಅದನ್ನೇ.

ಇನ್ನೊಂದು ಮಾತು ಮನೆಯವರೆಲ್ಲ ಗಮನಿಸಬೇಕಾದದ್ದು. ಐದನೆಯ ವಚನದಲ್ಲಿ, ಪ್ರೀತಿ ಕೆಡುಕನ್ನು ಎಣಿಕೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂಬ ಅರ್ಥದ ಮಾತಿದೆ. ಪೌಲರು ಅಲ್ಲಿ ಬಳಸಿದ ಪದ ಲೆಕ್ಕ ಬರೆಯುವವರ ಪದ. ಅಂಗಡಿಯವನು ಸಾಲದ ಪುಸ್ತಕದಲ್ಲಿ ಹೆಸರು, ತಾರೀಕು, ಮೊತ್ತ ಬರೆದಿಡುತ್ತಾನಲ್ಲ, ಹಾಗೆ. ನಮ್ಮಲ್ಲಿ ಎಷ್ಟೋ ಮಂದಿ ಇಂಥ ಪುಸ್ತಕವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇವೆ. ಯಾರ ಮದುವೆಯಲ್ಲಿ ಯಾರು ನಮ್ಮನ್ನು ಮಾತಾಡಿಸಲಿಲ್ಲ, ತಾಯಿಯ ಕಾಯಿಲೆಯ ಹೊತ್ತಿನಲ್ಲಿ ಯಾರು ಬರಲಿಲ್ಲ, ಯಾವ ವರ್ಷ ಯಾರು ಯಾವ ಮಾತು ಆಡಿದರು, ಎಲ್ಲವೂ ಅದರಲ್ಲಿ ಬರೆದಿದೆ. ಹಾಲು ಬಿಟ್ಟು ಅನ್ನಕ್ಕೆ ಬರುವುದೆಂದರೆ ಆ ಪುಸ್ತಕವನ್ನು ಮುಚ್ಚುವುದು.

ನಮ್ಮ ಮನೆಗಳ ಮಾತು

ಈಗ ಕೊರಿಂಥವನ್ನು ಬಿಟ್ಟು ನಮ್ಮ ಮನೆಗಳಿಗೆ ಬರೋಣ.

ಅಪ್ಪ ತೀರಿಕೊಂಡ ಮೇಲೆ ಮನೆ, ಜಮೀನು ಪಾಲಾಗುತ್ತದೆ. ಬಾವಿ ಯಾರ ಭಾಗಕ್ಕೆ, ದಾರಿ ಯಾರ ಅಂಗಳದಲ್ಲಿ, ಅಮ್ಮನ ಒಡವೆ ಯಾರ ಪಾಲಿಗೆ ಎಂಬಲ್ಲಿ ಮಾತು ಬೆಳೆಯುತ್ತದೆ. ಅಳತೆ ಮಾಡುವವರು ಬಂದು ಕಲ್ಲು ನೆಟ್ಟು ಹೋಗುತ್ತಾರೆ. ಕಲ್ಲು ಮಣ್ಣಿನಲ್ಲಿ ನಿಲ್ಲುತ್ತದೆ, ಗೋಡೆ ಮನಸ್ಸಿನಲ್ಲಿ ಏಳುತ್ತದೆ. ಆಮೇಲೆ ಭಾನುವಾರ ಅಣ್ಣನ ಸಂಸಾರ ದೇವಾಲಯದ ಒಂದು ಬದಿ, ತಮ್ಮನ ಸಂಸಾರ ಇನ್ನೊಂದು ಬದಿ. ಶಾಂತಿಯನ್ನು ಹಂಚಿಕೊಳ್ಳಲು ಗುರುಗಳು ಕರೆ ಕೊಟ್ಟಾಗ ಹೆಸರೂ ಗೊತ್ತಿಲ್ಲದ ಪಕ್ಕದವರಿಗೆ ನಗುನಗುತ್ತ ಕೈಮುಗಿಯುತ್ತೇವೆ. ಒಡಹುಟ್ಟಿದವನ ಕಡೆಗೆ ಮಾತ್ರ ಕಣ್ಣು ಹೊರಳುವುದಿಲ್ಲ. ಮರುಕ್ಷಣ ಇಬ್ಬರೂ ಸಾಲಿನಲ್ಲಿ ನಿಂತು ಒಂದೇ ಕ್ರಿಸ್ತರ ಶರೀರವನ್ನು ಸ್ವೀಕರಿಸುತ್ತಾರೆ.

ಮಕ್ಕಳು ಇದನ್ನು ನೋಡುತ್ತಿರುತ್ತಾರೆ. ಧರ್ಮೋಪದೇಶದ ತರಗತಿಯಲ್ಲಿ ಅವರು ಕ್ಷಮೆಯ ಪಾಠವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಮನೆಗೆ ಬಂದು ದೊಡ್ಡಪ್ಪನ ಮಕ್ಕಳೊಂದಿಗೆ ಆಡಬಾರದೆಂಬ ಇನ್ನೊಂದು ಪಾಠ ಕಲಿಯುತ್ತಾರೆ. ಯಾವ ಪಾಠ ಅವರ ಮನಸ್ಸಿನಲ್ಲಿ ಉಳಿಯುತ್ತದೆ? ಜಗಳಕ್ಕೆ ಕಾರಣವಾದ ಜಮೀನು ನಾಳೆ ಮಾರಾಟವಾಗಬಹುದು. ಜಗಳ ಮಾತ್ರ ಆಸ್ತಿಯಂತೆ ಮಕ್ಕಳ ಹೆಸರಿಗೆ ವರ್ಗವಾಗುತ್ತದೆ. ಒಂದು ತಲೆಮಾರಿನ ವಿಶ್ವಾಸವೇ ಇಲ್ಲಿ ಪಣಕ್ಕೆ ಬಿದ್ದಿದೆ.

ಯೇಸುಸ್ವಾಮಿಯ ಬೋಧನೆ ಇಲ್ಲಿ ಸ್ಪಷ್ಟವಾಗಿದೆ. ಕಾಣಿಕೆಯನ್ನು ಪೀಠಕ್ಕೆ ತಂದಾಗ ಸೋದರನಿಗೆ ನಮ್ಮ ಮೇಲೆ ಏನೋ ಮನಸ್ತಾಪ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಂದಿಗೆ ಸಮಾಧಾನ ಮಾಡಿಕೊಳ್ಳಬೇಕು (ಮತ್ತಾಯ 5:23-24). ನಮಗೆ ಅವನ ಮೇಲೆ ಸಿಟ್ಟಿದ್ದರೆ ಎಂದಲ್ಲ, ಅವನಿಗೆ ನಮ್ಮ ಮೇಲೆ ಇದ್ದರೆ ಎಂದು ಸ್ವಾಮಿ ಹೇಳಿದ್ದನ್ನು ಗಮನಿಸಿ. ಮೊದಲು ಯಾರು ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ಅದರಲ್ಲಿದೆ: ನೆನಪಾದವನು ಹೋಗಬೇಕು.

ಅನ್ಯಾಯವನ್ನು ಸಹಿಸಬೇಕೇ?

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಸಮಾಧಾನ ಎಂದರೆ ಸೋತವರು ಬಾಯಿ ಮುಚ್ಚಿಕೊಂಡಿರುವುದೇ? ತವರಿನ ಪಾಲನ್ನು ಕೇಳಿದ ತಂಗಿಗೆ, ಕುಡಿದು ಬಂದ ಗಂಡನಿಂದ ಪೆಟ್ಟು ತಿನ್ನುವ ಹೆಂಡತಿಗೆ, ಕ್ರೈಸ್ತಳಾದ ಮೇಲೆ ಸಹಿಸಿಕೊಳ್ಳಬೇಕಮ್ಮ ಎಂದು ಬುದ್ಧಿ ಹೇಳುವುದು ಪೌಲರ ಬೋಧನೆಯೇ?

ಆರನೆಯ ಅಧ್ಯಾಯವನ್ನು ಎಚ್ಚರದಿಂದ ಓದಬೇಕು. ಅನ್ಯಾಯವನ್ನು ಏಕೆ ಸಹಿಸಬಾರದು ಎಂದು ಪೌಲರು ಅಲ್ಲಿ ಕೇಳುವುದು ನಿಜ (6:7). ಆದರೆ ಮರುವಚನದಲ್ಲೇ, ನೀವೇ ಅನ್ಯಾಯ ಮಾಡುವವರು, ಸೋದರರನ್ನೇ ವಂಚಿಸುವವರು ಎಂದು ಅವರನ್ನು ಹಿಡಿದು ನಿಲ್ಲಿಸುತ್ತಾರೆ. ಬಲವಿದ್ದವರ ಬಾಯಿ ಮುಚ್ಚಿಸಲು ಆಡಿದ ಮಾತನ್ನು ಬಲವಿಲ್ಲದವರ ತಲೆಯ ಮೇಲೆ ಹೇರಬಾರದು. ಅದೇ ಅಧ್ಯಾಯದಲ್ಲಿ, ಸೋದರರ ನಡುವೆ ತೀರ್ಪು ಕೊಡಬಲ್ಲ ಒಬ್ಬ ಬುದ್ಧಿವಂತನೂ ನಿಮ್ಮಲ್ಲಿಲ್ಲವೇ ಎಂದೂ ಕೇಳುತ್ತಾರೆ (6:5). ಅಂದರೆ ನ್ಯಾಯ ತೀರ್ಮಾನವಾಗಲೇಬೇಕು. ಸತ್ಯವನ್ನು ಮುಚ್ಚಿಟ್ಟು ಶಾಂತಿ ಕಟ್ಟಲಾಗದು.

ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಸಮಪಾಲು ಕೊಡುತ್ತದೆ. ತಂಗಿಯ ಪಾಲನ್ನು ಅವಳಿಗೆ ಕೊಡುವುದು ಅಣ್ಣನ ಔದಾರ್ಯವಲ್ಲ, ಅವಳ ಹಕ್ಕು. ಅದನ್ನು ಕೊಟ್ಟ ಮೇಲೆ ಆಡುವ ಸಮಾಧಾನದ ಮಾತಿಗೆ ಬೆಲೆಯಿದೆ. ಹಾಗೆಯೇ ಪೆಟ್ಟು ತಿನ್ನುವವಳಿಗೆ ಮೊದಲು ಬೇಕಾದದ್ದು ರಕ್ಷಣೆ. ಕ್ಷಮೆ ಅವಳ ಹೃದಯದಲ್ಲಿ ದೇವರು ಬೆಳೆಸುವ ಫಲ, ನಾವು ಅವಳಿಂದ ವಸೂಲಿ ಮಾಡುವ ಸುಂಕವಲ್ಲ.

ನಾವು ಹೋಗಿ ಕೈ ಚಾಚಿದರೂ ಎದುರಿನವರು ಮುಖ ತಿರುಗಿಸಿದರೆ? ರೋಮನರಿಗೆ ಬರೆದ ಪತ್ರವನ್ನು ಪೌಲರು ಕೊರಿಂಥದಲ್ಲಿದ್ದಾಗಲೇ ಬರೆದರೆಂದು ವಿದ್ವಾಂಸರು ಹೇಳುತ್ತಾರೆ. ಆ ಪತ್ರದಲ್ಲಿ, ಸಾಧ್ಯವಾದರೆ, ನಮ್ಮ ಕೈಲಾದ ಮಟ್ಟಿಗೆ ಎಲ್ಲರೊಂದಿಗೂ ಸಮಾಧಾನದಿಂದ ಇರಬೇಕೆಂದು ಬೋಧಿಸುತ್ತಾರೆ (12:18). ಕೊರಿಂಥದ ಜನರೊಂದಿಗೆ ಪಟ್ಟ ಪಾಡು ಆ ‘ಕೈಲಾದ ಮಟ್ಟಿಗೆ’ ಎಂಬ ಮಾತಿನಲ್ಲಿ ಕೇಳಿಸುತ್ತದೆ ಎಂದರೆ ತಪ್ಪಾಗಲಾರದು. ನಮ್ಮ ಬಾಗಿಲನ್ನು ತೆರೆದಿಡುವುದು ನಮ್ಮ ಕೈಯಲ್ಲಿದೆ. ಅವರು ಬರುವ ಹೊತ್ತು ನಮ್ಮ ಕೈಯಲ್ಲಿಲ್ಲ.

ಬೆಳೆಸುವವರು ದೇವರು

ಪತ್ರ ತಲುಪಿದ ಕೂಡಲೇ ಕೊರಿಂಥದವರು ಬದಲಾಗಿಬಿಟ್ಟರೇ? ಇಲ್ಲ. ಎರಡನೆಯ ಪತ್ರವನ್ನು ಓದಿದರೆ ನಡುವೆ ಇನ್ನಷ್ಟು ನೋವು ನಡೆದದ್ದು ತಿಳಿಯುತ್ತದೆ. ಪೌಲರು ಕಣ್ಣೀರು ಸುರಿಸುತ್ತ ಒಂದು ಪತ್ರ ಬರೆದರು (2 ಕೊರಿಂಥ 2:4). ಆಮೇಲೆ ತೀತನು ಅಲ್ಲಿಂದ ಒಳ್ಳೆಯ ಸುದ್ದಿ ತಂದನು (7:6-7). ಮನನೋಯಿಸಿದ ಒಬ್ಬನಿಗೆ ಸಮುದಾಯ ಶಿಕ್ಷೆ ಕೊಟ್ಟಿತ್ತು. ಇನ್ನು ಸಾಕು, ಅವನು ದುಃಖದಲ್ಲಿ ಮುಳುಗಿಹೋಗದಂತೆ ಅವನನ್ನು ಕ್ಷಮಿಸಿ ಸಂತೈಸಿರಿ ಎಂದು ಪೌಲರೇ ಬೇಡಿಕೊಳ್ಳುತ್ತಾರೆ (2:6-8).

ಆ ಪತ್ರದ ಕೊನೆಯ ವಚನವನ್ನು ನಾವು ಆಗಾಗ ಕೇಳುತ್ತಲೇ ಇದ್ದೇವೆ. ಯೇಸುಕ್ರಿಸ್ತರ ಕೃಪೆ, ದೇವರ ಪ್ರೀತಿ, ಪವಿತ್ರಾತ್ಮರ ಅನ್ಯೋನ್ಯತೆ, ಈ ಮೂರನ್ನೂ ಕೋರುವ ಆ ವಂದನೆಯಿಂದ ಗುರುಗಳು ಬಲಿಪೂಜೆಯನ್ನು ಆರಂಭಿಸುವುದುಂಟು. ಜಗಳವಾಡಿ ದಣಿದ ಒಂದು ಧರ್ಮಕೇಂದ್ರಕ್ಕೆ ಬರೆದ ಆಶೀರ್ವಾದ ಅದು. ಇಂದು ಅದು ನಮಗೂ ಸಲ್ಲುತ್ತದೆ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಸುಮಾರು ಕ್ರಿ.ಶ. 96ರಲ್ಲಿ ಕೊರಿಂಥದಲ್ಲಿ ಮತ್ತೆ ಒಡಕು ಉಂಟಾಗಿ, ಕೆಲವು ಹಿರಿಯರನ್ನು ಸ್ಥಾನದಿಂದ ಇಳಿಸಿದರು. ಆಗ ರೋಮಿನ ಧರ್ಮಸಭೆಯಿಂದ ಅವರಿಗೊಂದು ದೀರ್ಘ ಪತ್ರ ಹೋಯಿತು. ಅದನ್ನು ಬರೆದವರು ಸಂತ ಕ್ಲೆಮೆಂಟರು ಎಂದು ಪರಂಪರೆ ಹೇಳುತ್ತದೆ. ಪೌಲರ ಪತ್ರವನ್ನು ಮತ್ತೆ ಕೈಗೆತ್ತಿಕೊಂಡು ಓದಿರಿ ಎಂದು ಅವರು ಅಲ್ಲಿ ನೆನಪಿಸುತ್ತಾರೆ. ಸುಮಾರು ಕ್ರಿ.ಶ. 170ರ ಹೊತ್ತಿಗೂ ಆ ಪತ್ರವನ್ನು ಕೊರಿಂಥದ ದೇವಾಲಯದಲ್ಲಿ ಓದುತ್ತಿದ್ದರೆಂದು ಅಲ್ಲಿನ ಧರ್ಮಾಧ್ಯಕ್ಷ ದಿಯೊನೀಸಿಯರ ಮಾತಿನಿಂದ ತಿಳಿಯುತ್ತದೆ. ತಮ್ಮನ್ನು ಗದರಿಸಿದ ಪತ್ರವನ್ನು ಅವರು ಹರಿದು ಹಾಕಲಿಲ್ಲ. ಕಾಪಾಡಿಕೊಂಡು, ಮಕ್ಕಳ ಮುಂದೆಯೂ ಓದಿದರು. ಅದೂ ಬೆಳವಣಿಗೆಯೇ.

ತಾನು ನೆಟ್ಟೆ, ಅಪೊಲ್ಲೋಸನು ನೀರೆರೆದನು, ಬೆಳೆಸಿದವರು ದೇವರು ಎಂದು ಪೌಲರು ಹೇಳುವುದು ಇದಕ್ಕಾಗಿಯೇ (1 ಕೊರಿಂಥ 3:6). ಪೈರನ್ನು ಕೈಯಿಂದ ಹಿಡಿದೆಳೆದು ಎತ್ತರ ಮಾಡಲಾಗದು. ಆದರೆ ನೆಡದೆ, ನೀರೆರೆಯದೆ ದೇವರು ಬೆಳೆಸಲಿ ಎಂದು ಕುಳಿತವನಿಗೆ ಸುಗ್ಗಿಯೂ ಇಲ್ಲ.

ಅದೇ ಕೊರಿಂಥದಲ್ಲಿ ಬೆಳೆದ ಒಂದು ಕುಟುಂಬವೂ ಇತ್ತು ಎಂಬುದನ್ನು ಮರೆಯಬಾರದು. ಸ್ತೆಫನನ ಮನೆಯವರು ಆ ಸೀಮೆಯಲ್ಲಿ ಮೊದಲು ವಿಶ್ವಾಸಕ್ಕೆ ಬಂದವರು. ಅವರು ಸಹವಿಶ್ವಾಸಿಗಳ ಸೇವೆಗೆ ತಮ್ಮನ್ನು ಮುಡಿಪಾಗಿಟ್ಟಿದ್ದರು ಎಂದು ಪೌಲರು ಪತ್ರದ ಕೊನೆಯಲ್ಲಿ ಮೆಚ್ಚಿ ಬರೆಯುತ್ತಾರೆ (16:15-18). ಒಡೆದ ಊರಿನಲ್ಲಿ ಒಂದು ಮನೆ ಒಡೆಯದೆ ಉಳಿದರೆ ಅದರ ಮೂಲಕ ದೇವರು ಎಷ್ಟೋ ಮಾಡಬಲ್ಲರು.

ವಾಕ್ಯವನ್ನು ಅರಗಿಸಿಕೊಳ್ಳುವ ಕ್ರಮ

ದೇವರ ವಾಕ್ಯವನ್ನು ಮೈಗೆ ಹತ್ತುವಂತೆ ಉಣ್ಣುವುದು ಹೇಗೆ? ಹನ್ನೆರಡನೆಯ ಶತಮಾನದ ಸನ್ಯಾಸಿ ಎರಡನೆಯ ಗೀಗೋ ಎಂಬವರು ಇದಕ್ಕೆ ನಾಲ್ಕು ಮೆಟ್ಟಿಲುಗಳನ್ನು ತೋರಿಸಿಕೊಟ್ಟರು: ಓದು, ಮನನ, ಪ್ರಾರ್ಥನೆ, ಧ್ಯಾನ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ನವೆಂಬರ್ 18ರಂದು ಹೊರಡಿಸಿದ ‘ದೇಯಿ ವೆರ್ಬುಮ್’ ಎಂಬ ದಾಖಲೆಯಲ್ಲಿ ಎಲ್ಲ ವಿಶ್ವಾಸಿಗಳೂ ಪವಿತ್ರ ಗ್ರಂಥವನ್ನು ಪದೇ ಪದೇ ಓದಬೇಕು, ಓದಿನ ಜೊತೆಗೆ ಪ್ರಾರ್ಥನೆ ಇರಬೇಕು ಎಂದು ಒತ್ತಿ ಹೇಳಿತು. 2010ರಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಈ ಓದು ಕಾರ್ಯಕ್ಕೆ ಇಳಿಯುವ ತನಕ ಪೂರ್ಣವಾಗದೆಂದು ಬರೆದರು. ಆದ್ದರಿಂದ ನಮ್ಮ ಏಣಿಗೆ ಐದು ಮೆಟ್ಟಿಲುಗಳೆಂದು ಇಟ್ಟುಕೊಳ್ಳೋಣ. ಈ ವಾರಕ್ಕೆ 1 ಕೊರಿಂಥ 13:4-7 ಸಾಕು.

1. ಓದು: ರಾತ್ರಿಯ ಪ್ರಾರ್ಥನೆಯ ಹೊತ್ತಿಗೆ ಮನೆಯ ಒಬ್ಬರು ಆ ನಾಲ್ಕು ವಚನಗಳನ್ನು ನಿಧಾನವಾಗಿ, ಗಟ್ಟಿಯಾಗಿ ಓದಲಿ. ಓದಲು ಬರುವ ಮಕ್ಕಳಿಗೂ ಸರದಿ ಇರಲಿ.

2. ಮನನ: ಪ್ರತಿಯೊಬ್ಬರೂ ತಮಗೆ ತಾಗಿದ ಒಂದೇ ಒಂದು ಮಾತನ್ನು ಆರಿಸಿಕೊಳ್ಳಲಿ. ಹಸು ಮೆಲುಕು ಹಾಕುವಂತೆ ಮರುದಿನ ಕೆಲಸದ ನಡುವೆ ಅದನ್ನು ಮತ್ತೆ ಮತ್ತೆ ನೆನೆಯಲಿ. ಇದು ಪಕ್ಕದವರಿಗೆ ಹೇಳಿದಂತಿದೆ ಎಂದು ಅನ್ನಿಸಿದರೆ ಆ ಮಾತನ್ನು ಬಿಟ್ಟು, ನಮಗೇ ಹೇಳಿದಂತಿರುವ ಮಾತನ್ನು ಹುಡುಕಬೇಕು.

3. ಪ್ರಾರ್ಥನೆ: ಆ ಮಾತನ್ನು ಹಿಡಿದುಕೊಂಡು ದೇವರೊಂದಿಗೆ ಮನಬಿಚ್ಚಿ ಮಾತಾಡಬೇಕು. ಕ್ಷಮಿಸಲು ಮನಸ್ಸಿಲ್ಲದಿದ್ದರೆ ಇಲ್ಲವೆಂದೇ ಹೇಳೋಣ. ಮನಸ್ಸು ಕೊಡುವವರೂ ಅವರೇ.

4. ಧ್ಯಾನ: ಐದು ನಿಮಿಷ ಸುಮ್ಮನೆ ಅವರ ಸನ್ನಿಧಿಯಲ್ಲಿ ಕುಳಿತುಕೊಳ್ಳಬೇಕು. ಮಾತು ಬೇಡ.

5. ಕಾರ್ಯ: ವಾರ ಮುಗಿಯುವ ಮುನ್ನ ಒಂದು ಸಣ್ಣ ಕೆಲಸ. ಮಾತು ಬಿಟ್ಟವರ ಮನೆಗೆ ಹಬ್ಬದ ತಿಂಡಿಯ ತಟ್ಟೆಯೊಂದನ್ನು ಮಕ್ಕಳ ಕೈಯಲ್ಲಿ ಕಳುಹಿಸಬಹುದು. ಆಸ್ಪತ್ರೆಯಲ್ಲಿರುವ ಚಿಕ್ಕಮ್ಮನನ್ನು ನೋಡಿ ಬರಬಹುದು. ತಂಗಿಯ ಪಾಲಿನ ಕಾಗದಪತ್ರಗಳನ್ನು ಸರಿಪಡಿಸಿಕೊಡಬಹುದು. ಬಹುಕಾಲದಿಂದ ದೂರವಿಟ್ಟ ಪಾಪನಿವೇದನೆಗೆ ಹೋಗಬಹುದು. ದೊಡ್ಡದಾಗಿರಬೇಕೆಂದಿಲ್ಲ, ನಿಜವಾಗಿರಬೇಕು.

ಜಗದ್ಗುರು ಫ್ರಾನ್ಸಿಸರು 2019ರಲ್ಲಿ ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಗೊತ್ತುಪಡಿಸಿದರು. ಆ ಭಾನುವಾರದ ಎರಡನೆಯ ವಾಚನ, ಮೂರು ವರ್ಷಗಳ ಪೂಜಾ ಚಕ್ರದಲ್ಲಿ ಮೂರು ವರ್ಷವೂ ಕೊರಿಂಥಿಯರಿಗೆ ಬರೆದ ಈ ಮೊದಲ ಪತ್ರದಿಂದಲೇ ಬರುತ್ತದೆ. ಮೊದಲನೆಯ ವರ್ಷದಲ್ಲಂತೂ ಖ್ಲೋಯೆಯ ಮನೆಯವರು ತಂದ ಜಗಳದ ಸುದ್ದಿಯ ಭಾಗವೇ ನಮ್ಮ ಕಿವಿಗೆ ಬೀಳುತ್ತದೆ. ಆ ದಿನ ಪೀಠದಿಂದ ಅದನ್ನು ಓದುವಾಗ, ಅಂದಿನ ಕೊರಿಂಥದ ಜಗಳವೆಂದು ಕೇಳುತ್ತೇವೋ, ನಮ್ಮ ಮನೆಯ ಸುದ್ದಿಯೆಂದು ಕೇಳುತ್ತೇವೋ ಎಂಬುದು ನಮಗೆ ಬಿಟ್ಟದ್ದು.

ಮನೆಯಲ್ಲಿ ಚರ್ಚಿಸಲು

1. ನಮ್ಮ ಕುಟುಂಬ ಯಾರೊಂದಿಗೆ ಮಾತು ಬಿಟ್ಟಿದೆ? ಅದರ ನಿಜವಾದ ಕಾರಣ ನಮ್ಮ ಮಕ್ಕಳಿಗೆ ಗೊತ್ತೇ?

2. ನಮ್ಮಿಂದ ಅನ್ಯಾಯವಾಗಿದ್ದರೆ ಅದನ್ನು ಸರಿಪಡಿಸಲು ಮೊದಲು ಏನು ಮಾಡಬೇಕು?

3. ಮನಸ್ಸಿನ ಸಾಲದ ಪುಸ್ತಕದಿಂದ ಈ ವಾರ ಯಾವ ಒಂದು ಸಾಲನ್ನು ಅಳಿಸಬಹುದು?

ಪ್ರಾರ್ಥನೆ

ಪ್ರೀತಿಯ ತಂದೆಯೇ, ನಿಮ್ಮ ವಾಕ್ಯವೆಂಬ ಆಹಾರವನ್ನು ನಮಗೆ ಧಾರಾಳವಾಗಿ ಬಡಿಸಿದ್ದೀರಿ. ನಾವೋ ಉಂಡೂ ಬೆಳೆಯದವರಾಗಿದ್ದೇವೆ. ನಮ್ಮ ಮನೆಗಳ ಅಸೂಯೆಯನ್ನೂ ಹಟವನ್ನೂ ನೀಗಿಸಿರಿ. ತಪ್ಪು ಮಾಡಿದವರಿಗೆ ಅದನ್ನು ತಿದ್ದುವ ಧೈರ್ಯವನ್ನು, ನೊಂದವರಿಗೆ ರಕ್ಷಣೆಯನ್ನೂ ಸಾಂತ್ವನವನ್ನೂ ದಯಪಾಲಿಸಿರಿ. ಒಂದೇ ರೊಟ್ಟಿಯನ್ನು ಹಂಚಿಕೊಳ್ಳುವ ನಾವು ಒಬ್ಬರಿಗಾಗಿ ಒಬ್ಬರು ಕಾಯುವಂತೆ ಮಾಡಿರಿ. ನೆಡುವ ಕೈ ನಮ್ಮದಾಗಲಿ, ಬೆಳೆ ನಿಮ್ಮದಾಗಲಿ. ನಮ್ಮ ಪ್ರಭು ಯೇಸುಕ್ರಿಸ್ತರ ಮೂಲಕ ಬೇಡುತ್ತೇವೆ. ಆಮೆನ್.